ಕತ್ತು ಬಿಗಿತ, ಶೀತಕ್ಕೆ ಚೀನಾ ಕಷಾಯ: ‘ಗೆ ಗೆನ್ ತಾಂಗ್’ನಲ್ಲಿ ಏನೇನಿದೆ? ಯಾರು ಕುಡಿಯಬಾರದು?

ಶೀತ ಹಿಡಿಯೋ ಮೊದಲ ದಿನ ಮೈ ಚಳಿ ಚಳಿ, ಕತ್ತು-ಬೆನ್ನು ಬಿಗಿ, ಬೆವರು ಮಾತ್ರ ಬರಲ್ಲ. ಇಂಥ ಹೊತ್ತಿಗೆ ಚೀನಾದಲ್ಲಿ ಸುಮಾರು 1,800 ವರ್ಷದಿಂದ ಕೊಡುತ್ತಿರುವ ಕಷಾಯವೇ ‘ಗೆ ಗೆನ್ ತಾಂಗ್’. ಹಾನ್ ರಾಜವಂಶದ ಕೊನೆಗಾಲದ ವೈದ್ಯ ಜಾಂಗ್ ಝೋಂಗ್‌ಜಿಂಗ್ ಅವರ ‘ಶಾಂಗ್ ಹಾನ್ ಲುನ್’ ಗ್ರಂಥದಲ್ಲಿ ಇದರ ಅಳತೆ, ಕುದಿಸುವ ಕ್ರಮ ಎರಡೂ ಇದೆ.

ಒಟ್ಟು 7 ಸಾಮಾನು. ಮುಖ್ಯವಾದದ್ದು ಕುಡ್ಜು ಬಳ್ಳಿಯ ಗೆಡ್ಡೆ, ಅದಕ್ಕೇ ಚೀನೀ ಭಾಷೆಯಲ್ಲಿ ‘ಗೆ ಗೆನ್’ ಅನ್ನೋದು. ಜೊತೆಗೆ ‘ಮಾ ಹುವಾಂಗ್’ ಅಂದರೆ ಎಫೆಡ್ರಾ ಗಿಡದ ಕಡ್ಡಿ, ಚಕ್ಕೆ ಜಾತಿಯ ಮರದ ಎಳೆ ಕೊಂಬೆ, ಪಿಯೋನಿ ಹೂಗಿಡದ ಬೇರು, ಅತಿಮಧುರ, ಹಸಿ ಶುಂಠಿ, 12 ಜುಜುಬಿ ಹಣ್ಣು. ಈ ಜುಜುಬಿ ನಮ್ಮ ಎಲಚಿ ಹಣ್ಣಿನ ನೆಂಟ. ಮೊದಲು ಎಫೆಡ್ರಾ, ಗೆಡ್ಡೆ ಎರಡನ್ನೇ ಕುದಿಸಿ ಮೇಲಿನ ನೊರೆ ತೆಗೀಬೇಕು. ಆಮೇಲೆ ಉಳಿದದ್ದು ಹಾಕಿ ಬತ್ತಿಸಿ, ಬೆಚ್ಚಗೆ ಕುಡಿದು, ಸ್ವಲ್ಪ ಬೆವರು ಬರೋವರೆಗೆ ಹೊದ್ದು ಮಲಗೋದು.

ಜಪಾನಿನಲ್ಲಿ ಇದಕ್ಕೆ ‘ಕಕ್ಕೊಂತೊ’ ಅಂತಾರೆ, ಮೆಡಿಕಲ್ ಶಾಪಲ್ಲೇ ಪುಡಿ ಪ್ಯಾಕೆಟ್ ಸಿಗುತ್ತೆ. ಯಾವ ಕಾಯಿಲೆಗೂ ಇದನ್ನೇ ಕೊಟ್ಟು, ಕೊನೆಗೆ ರೋಗಿ ಜೊತೆ ಬಂದವನಿಗೂ ಕುಡಿಸೋ ಡಾಕ್ಟರ ತಮಾಷೆ ಕಥೆ ಅಲ್ಲಿ ಭಾರೀ ಫೇಮಸ್ಸು. ಆದರೆ 2014ರಲ್ಲಿ ಪ್ರಕಟವಾದ ಜಪಾನಿನದೇ ಒಂದು ಅಧ್ಯಯನದಲ್ಲಿ, ಶೀತ ಜೋರಾಗದಂತೆ ತಡೆಯೋದರಲ್ಲಿ ಇದು ಮಾಮೂಲಿ ಶೀತದ ಔಷಧಿಗಿಂತ ಮೇಲು ಅಂತ ಕಾಣಲಿಲ್ಲ.

ಶುಂಠಿ, ಚಕ್ಕೆ, ಅತಿಮಧುರ ನಮ್ಮ ಗ್ರಂಥಿಗೆ ಅಂಗಡಿಯಲ್ಲೂ ಇರುತ್ತವಲ್ಲ, ಹಾಗಾದರೆ ಇದೂ ಮನೆ ಕಷಾಯದ ಹಾಗೇ ಅಂದುಕೊಳ್ಳಬೇಡಿ. ತಕರಾರು ಇರೋದು ಎಫೆಡ್ರಾದಲ್ಲಿ. ಅದರೊಳಗಿನ ಎಫೆಡ್ರಿನ್ ಬಿಪಿ ಏರಿಸುತ್ತೆ, ಎದೆಬಡಿತ ಜೋರು ಮಾಡುತ್ತೆ, ನಿದ್ದೆ ಕೆಡಿಸುತ್ತೆ. ಎಫೆಡ್ರಿನ್ ಇರುವ ಆಹಾರ ಪೂರಕಗಳನ್ನು ಅಮೆರಿಕ 2004ರಲ್ಲೇ ನಿಷೇಧಿಸಿತು. ಅತಿಮಧುರ ಕೂಡ ಜಾಸ್ತಿ ದಿನ ತಗೊಂಡರೆ ಪೊಟ್ಯಾಸಿಯಂ ಇಳಿಸಿ ಬಿಪಿ ಏರಿಸಬಹುದು. ಬಿಪಿ, ಹೃದಯ, ಥೈರಾಯ್ಡ್ ತೊಂದರೆ ಇರೋರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಮೂಗು ಕಟ್ಟಿದ್ದಕ್ಕೆ ನುಂಗುವ ಕೆಲವು ಮಾತ್ರೆಗಳಲ್ಲೂ ಇದೇ ಜಾತಿಯ ಔಷಧಿ ಇರುತ್ತೆ, ಎರಡೂ ಸೇರಿದರೆ ಡಬಲ್ ಡೋಸ್.

ಇನ್ನೊಂದು ವಿಷಯ. ಜೋರು ಜ್ವರ, ತಲೆನೋವು, ವಾಂತಿ ಜೊತೆಗೆ ಗದ್ದ ಎದೆಗೆ ತಾಗಿಸೋಕೆ ಆಗದಷ್ಟು ಕತ್ತು ಸೆಟೆದುಕೊಂಡಿದ್ದರೆ, ಬೆಳಕು ನೋಡೋಕೆ ಆಗದಿದ್ದರೆ ಅದು ಮೆದುಳು ಪೊರೆಯ ಸೋಂಕು, ಅಂದರೆ ಮೆನಿಂಜೈಟಿಸ್ ಇರಬಹುದು. ಆಗ ಯಾವ ದೇಶದ ಕಷಾಯವನ್ನೂ ಒಲೆ ಮೇಲೆ ಇಡಬೇಡಿ, 108ಕ್ಕೆ ಫೋನ್ ಮಾಡಿ.