ಮನೆಯೊಳಗಣ ಕೋವಿ: ಮರೆಯೂ ಕಾನೂನೂ

ಕೋವಿಯನ್ನು ಎರಡು ತಳದ ಪೆಟ್ಟಿಗೆಯಲ್ಲಿಯೋ, ಗೋಡೆಯೊಳಗೆ ಹುದುಗಿಸಿದ ಕಪಾಟಿನಲ್ಲಿಯೋ ಕಾಣದಂತೆ ಇರಿಸುವುದು ನ್ಯಾಯಸಮ್ಮತವೇ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಬಡಗಿಯ ಕೆಲಸಕ್ಕೆ ಸಂಬಂಧಿಸಿದುದಾಗಿ ತೋರಬಹುದು. ಆದರೆ ಭರತಖಂಡದ ಆಯುಧದ ಕಾಯಿದೆಗಳನ್ನು ಪರಿಶೀಲಿಸಿದರೆ, ಕಾನೂನು ವಿಚಾರಿಸಿದುದು ಪೆಟ್ಟಿಗೆಯ ರಚನೆಯನ್ನಲ್ಲ. ಆ ಮರೆ ಯಾರ ಕಣ್ಣಿಗೆ ಎಂಬುದನ್ನು. ಇದಕ್ಕೆ ಕನ್ನಡನಾಡಿನಲ್ಲಿಯೇ ಪರಸ್ಪರ ವಿರುದ್ಧವಾದ ಎರಡು ನಿದರ್ಶನಗಳು ದೊರೆಯುತ್ತವೆ.

1857ರ ದಂಗೆಯ ಕಾಲದಲ್ಲಿ ಕಂಪನಿ ಸರಕಾರವು ಪ್ರಜೆಗಳ ಆಯುಧಗಳನ್ನು ಪರವಾನಗಿಗೆ ಒಳಪಡಿಸುವ ಕಾಯಿದೆಯನ್ನು ಮಾಡಿತು. ಅಲ್ಲಿಯವರೆಗೆ ಮನೆಯ ಒಡವೆಗಳಲ್ಲಿ ಒಂದಾಗಿದ್ದ ಆಯುಧವು ಅಂದಿನಿಂದ ಅಧಿಕಾರಿಗೆ ಲೆಕ್ಕ ಒಪ್ಪಿಸಬೇಕಾದ ವಸ್ತುವಾಯಿತು. ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ಇದನ್ನು ಒಪ್ಪಲಿಲ್ಲ. ಬೇಟೆಯಿಂದಲೂ ಕಾವಲಿನಿಂದಲೂ ಬಾಳುತ್ತಿದ್ದವರಿಗೆ ಆಯುಧವನ್ನು ಕೊಡುವುದೆಂದರೆ ವೃತ್ತಿಯನ್ನೂ ಮಾನವನ್ನೂ ಕೊಟ್ಟಂತೆಯೇ ಸರಿ. ಆ ವರ್ಷದ ನವೆಂಬರಿನಲ್ಲಿ ಸೈನ್ಯವು ಊರನ್ನು ಮುತ್ತಿ ಸುಟ್ಟಿತು. ಜಡಗ, ಬಾಲ ಮೊದಲಾದ ನಾಯಕರು ಗಲ್ಲಿಗೇರಿದರು. ಲಾವಣಿಯು ಈ ಸಂಗತಿಯನ್ನು ಜನರ ನೆನಪಿನಲ್ಲಿ ಉಳಿಸಿಕೊಂಡು ಬಂದಿದೆ.

ನಾಲ್ಕು ವರ್ಷಗಳೊಳಗೆ, 1861ರಲ್ಲಿ, ಮೈಸೂರು ಮತ್ತು ಕೊಡಗುಗಳ ಕಮಿಷನರಾಗಿದ್ದ ಸರ್ ಮಾರ್ಕ್ ಕಬ್ಬನ್ನನು ಕೊಡವರನ್ನು ಇದೇ ಬಗೆಯ ನಿರ್ಬಂಧದಿಂದ ಬಿಡುಗಡೆ ಮಾಡಿದನು. ಒಂದೆಡೆ ಆಯುಧವು ದ್ರೋಹದ ಗುರುತೆನಿಸಿದರೆ, ಮತ್ತೊಂದೆಡೆ ನಿಷ್ಠೆಯ ಬಿರುದಾಯಿತು. ಭೇದವಿದ್ದುದು ಆಯುಧದಲ್ಲಿ ಅಲ್ಲ, ಆಳುವವರ ನಂಬಿಕೆಯಲ್ಲಿ.

1878ರ ಆಯುಧದ ಕಾಯಿದೆಯು ಈ ನಂಬಿಕೆ, ಅಪನಂಬಿಕೆಗಳಿಗೆ ನಿಯತವಾದ ರೂಪವನ್ನು ಕೊಟ್ಟಿತು. ಅದರ 20ನೆಯ ಕಲಮು ವಿಶೇಷವಾಗಿ ಗಮನಾರ್ಹವಾದುದು. ಸರಕಾರಿ ನೌಕರನಿಗೆ ತಿಳಿಯಬಾರದೆಂಬ ಉದ್ದೇಶವು ತೋರುವಂತೆ ಕಾಯಿದೆಯನ್ನು ಮೀರಿದವನಿಗೂ, ಶೋಧನೆಯ ಸಮಯದಲ್ಲಿ ಆಯುಧವನ್ನು ಬಚ್ಚಿಟ್ಟವನಿಗೂ ಏಳು ವರ್ಷಗಳವರೆಗೆ ಸೆರೆಮನೆ ವಿಧಿಸಲು ಅಲ್ಲಿ ಅವಕಾಶವಿದ್ದಿತು. ಸ್ವತಂತ್ರ ಭಾರತದ 1959ರ ಕಾಯಿದೆಯೂ ತನ್ನ 26ನೆಯ ಕಲಮಿನಲ್ಲಿ ಈ ತತ್ತ್ವವನ್ನೇ ಉಳಿಸಿಕೊಂಡಿದೆ. ಎರಡರಲ್ಲಿಯೂ ದಂಡನೆಗೆ ಕಾರಣವಾದುದು ಅಧಿಕಾರಿಯಿಂದ ಮರೆಮಾಡುವ ಉದ್ದೇಶ. ಪರವಾನಗಿಯುಳ್ಳ ಗೃಹಸ್ಥನು ಕಳ್ಳನ ಭಯದಿಂದ ಕೋವಿಯನ್ನು ಗುಪ್ತವಾದ ಅರೆಯಲ್ಲಿ ಇರಿಸಿ, ಕೇಳಿದಾಗ ತೆರೆದು ತೋರಿಸಿದರೆ, ಅದು ಈ ಕಲಮುಗಳು ಹೇಳುವ ಮರೆಯಲ್ಲ. ಪರವಾನಗಿಯಿಲ್ಲದವನ ಕೋವಿಯಾದರೋ ನಡುಮನೆಯ ಗೂಟಕ್ಕೆ ತೂಗುತ್ತಿದ್ದರೂ ಅಪರಾಧವೇ.

ಕೊಡಗಿನ ಮನೆಯ ಪದ್ಧತಿಯನ್ನು ಈ ಬೆಳಕಿನಲ್ಲಿ ನೋಡಬೇಕು. ಗದ್ದೆಯ ನಾಟಿಯ ಕಾಲದಲ್ಲಿ ಆಯುಧಗಳನ್ನು ಹಿರಿಯರ ಪೂಜೆ ನಡೆಯುವ ಕನ್ನಿಕೋಂಬರೆಯಲ್ಲಿ ಇರಿಸಿ, ನಾಟಿ ಮುಗಿದ ಮೇಲೆ ಕೈಲ್‌ಪೊಳ್ದಿನ ದಿನ ಹೊರತೆಗೆದು, ತೋಕ್‌ಪೂವಿನಿಂದ ಅಲಂಕರಿಸಿ ಪೂಜಿಸುವುದು ಸಂಪ್ರದಾಯ. ಕೊಡವ ಭಾಷೆಯಲ್ಲಿ ತೋಕ್ ಎಂದರೆ ಕೋವಿ. ಇಲ್ಲಿಯೂ ಒಂದು ಮರೆಯುಂಟು. ಆದರೆ ಅದು ದಿನಬಳಕೆಯ ಕೈಯಿಂದ ಮರೆ, ಊರಿನ ಕಣ್ಣಿನಿಂದಲ್ಲ. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಗುಂಡು, ಪುತ್ತರಿಯ ಕದಿರು ತೆಗೆಯುವಾಗ ಗುಂಡಿನ ಶಬ್ದ: ಹೀಗೆ ಮನೆಯಲ್ಲಿ ಕೋವಿಯಿರುವುದನ್ನು ಆ ಕೋವಿಯೇ ಊರಿಗೆಲ್ಲ ಸಾರುತ್ತದೆ.

ಇನ್ನು ಪ್ರಯೋಜನದ ಮಾತು. ಗುಪ್ತವಾದ ಕಪಾಟಿನ ಗುಣವು ಅಪರಿಚಿತನ ವಿಷಯದಲ್ಲಿ ಮಾತ್ರ ಸಾರ್ಥಕ. ಮನೆಯ ಮಕ್ಕಳಿಗೂ ಆಳುಗಳಿಗೂ ಬಹುಕಾಲ ತಿಳಿಯದೆ ಉಳಿಯುವ ಗುಟ್ಟು ಅಪೂರ್ವ. ತಿಳಿದ ಕ್ಷಣದಿಂದ ಬೀಗವಿಲ್ಲದ ಮರೆಗೂ ತೆರೆದ ಮೂಲೆಗೂ ವ್ಯತ್ಯಾಸವಿರುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಗಾಳಿಯಾಡದ ಗೋಡೆಯ ಅರೆಯು ತೇವವನ್ನು ಹಿಡಿದು ಕಬ್ಬಿಣಕ್ಕೆ ತುಕ್ಕನ್ನು ತರುತ್ತದೆ. ಕಾಣದ ಕೋವಿಯನ್ನು ಒರೆಸಿ ಎಣ್ಣೆ ಹಚ್ಚುವವರೂ ವಿರಳ. ಕೈಲ್‌ಪೊಳ್ದಿನ ಪೂಜೆಗೆ ಮುಂಚೆ ಆಯುಧಗಳನ್ನು ಶುಚಿಮಾಡುವ ಕಟ್ಟಳೆಯು ಈ ದೋಷಕ್ಕೆ ಪರಿಹಾರವೂ ಆಗಿದೆ. ಗುಂಡು ತುಂಬದ ಕೋವಿ, ಬೇರೆಡೆಯಲ್ಲಿ ತೋಟಾ, ಎರಡಕ್ಕೂ ಬೀಗ: ಈ ಮೂರಿಲ್ಲದೆ ಎಂತಹ ಚತುರನಾದ ಬಡಗಿಯ ಕೆಲಸವೂ ಸಾಲದು.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ ಹತ್ತು ವರ್ಷಗಳ ಅವಧಿಗೆ ವಿಸ್ತರಿಸಿತು. ಸಮಾನತೆಗೆ ವಿರುದ್ಧವೆಂದು ಅದನ್ನು ಪ್ರಶ್ನಿಸಿದಾಗ, ಕರ್ನಾಟಕದ ಉಚ್ಚ ನ್ಯಾಯಾಲಯವು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೂ ಅವಧಿಯುಳ್ಳ ವಿನಾಯಿತಿಯು ಶಾಶ್ವತವಾದ ಸ್ವತ್ತಲ್ಲ. ಅದು ಮರಳಿ ಮರಳಿ ಸಂಪಾದಿಸಬೇಕಾದ ವಿಶ್ವಾಸ. ಹಲಗಲಿಯವರಿಗೆ ಅಂತಹ ವಿಶ್ವಾಸವನ್ನು ಸಂಪಾದಿಸುವ ಅವಕಾಶವೇ ದೊರೆಯಲಿಲ್ಲವೆಂಬುದನ್ನು ನೆನೆದರೆ ಅದರ ಬೆಲೆ ತಿಳಿಯುತ್ತದೆ. ಮಗುವಿನ ಕೈಗೂ ಕಳ್ಳನ ಕಣ್ಣಿಗೂ ಮರೆಯಾಗಿ, ಕಾನೂನಿಗೂ ನೆರೆಹೊರೆಗೂ ಬಯಲಾಗಿ ಇರುವ ಕೋವಿಗೆ ಮಾತ್ರ ಆ ವಿಶ್ವಾಸವು ಸಲ್ಲುತ್ತದೆ.