ಷರತ್ತಿನ ಲೂಪ್

ಷರತ್ತಿನ ಲೂಪ್: ಕಂಪ್ಯೂಟರ್ ಪ್ರೋಗ್ರಾಮಿನ ಕೆಲವು ಆದೇಶಗಳನ್ನು, ಕೊಟ್ಟ ಷರತ್ತು ನಿಜವಾಗಿರುವ ತನಕ ಇಲ್ಲವೇ ನಿಜವಾಗುವ ತನಕ, ಮತ್ತೆ ಮತ್ತೆ ನಡೆಸುವ ರಚನೆ. ಎಷ್ಟು ಸಲ ಎಂಬುದು ಮೊದಲೇ ಗೊತ್ತಿದ್ದರೆ ಎಣಿಕೆಯ ಲೂಪ್ ಸಾಕು. ಗೊತ್ತಿಲ್ಲದ ಕಡೆ ಇದು ಬೇಕು. ಇದರ ಇತಿಹಾಸವೆಂದರೆ ‘ಇನ್ನು ಸಾಕು’ ಎನ್ನುವ ತೀರ್ಮಾನ ಮನುಷ್ಯನ ಕೈಯಿಂದ ಯಂತ್ರಕ್ಕೆ ದಾಟಿದ ಇತಿಹಾಸ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಮತ್ತು ಚಳ್ಳಕೆರೆ ತಾಲ್ಲೂಕುಗಳಲ್ಲಿ ಅದರ ಹಳೆಯ ತುದಿಯೂ ಹೊಸ ತುದಿಯೂ ಕಾಣಸಿಗುತ್ತವೆ.

ಹಳೆಯದು ರೇಷ್ಮೆ ಸೀರೆಯ ಮಗ್ಗ. ಮೊಳಕಾಲ್ಮೂರು ಸೀರೆ ಭೌಗೋಳಿಕ ಸೂಚಿ ಪಡೆದ ಕೈಮಗ್ಗದ ನೇಯ್ಗೆ. ಬುಟ್ಟಾ ತೆಗೆಯುವ ಮಗ್ಗದ ಮೇಲೆ ಕೂರುವ ಜಕಾರ್ಡ್ ಪೆಟ್ಟಿಗೆಯನ್ನು ಫ್ರಾನ್ಸಿನ ಜೋಸೆಫ್ ಮಾರಿ ಜಕಾರ್ಡ್ 1804ರಲ್ಲಿ ರೂಪಿಸಿದ; ತೂತು ಕೊರೆದ ಕಾಗದದಿಂದ ಮಗ್ಗ ನಡೆಸುವ ಪ್ರಯತ್ನ ಲಿಯೋನ್ ನಗರದಲ್ಲಿ 1725ರಲ್ಲೇ ನಡೆದಿತ್ತು. ಕಾರ್ಡಿನಲ್ಲಿ ತೂತಿದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. ಲಾಳಿ ಒಮ್ಮೆ ದಾಟಿದರೆ ಮುಂದಿನ ಕಾರ್ಡಿನ ಸರದಿ. ಕಾರ್ಡುಗಳನ್ನು ತುದಿಗೆ ತುದಿ ಹೆಣೆದು ಮಾಲೆ ಮಾಡಿರುವುದರಿಂದ ಕೊನೆಯದು ಮುಗಿದೊಡನೆ ಮೊದಲನೆಯದು ಬರುತ್ತದೆ, ಅದೇ ಬುಟ್ಟಾ ಮತ್ತೆ ಮೂಡುತ್ತದೆ. ಇದು ಲೂಪ್ ಹೌದು, ಷರತ್ತಿನದಲ್ಲ. ಒಡಲು ಸಾಕಷ್ಟಾಯಿತೇ, ಸೆರಗಿಗೆ ಹೊರಳಬೇಕೇ ಎಂದು ನೋಡುವವರು ನೇಕಾರರೇ. ಮಾಲೆಗೆ ಆ ಪ್ರಶ್ನೆ ಕೇಳಲು ಬಾರದು.

ಆ ಪ್ರಶ್ನೆಯನ್ನು ಯಂತ್ರಕ್ಕೆ ಕಲಿಸಲು ಹೊರಟವರು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್. ತಮ್ಮ ಅನಲಿಟಿಕಲ್ ಎಂಜಿನ್‌ಗೆ ಅವರು ಜಕಾರ್ಡ್ ಕಾರ್ಡುಗಳನ್ನೇ ತೆಗೆದುಕೊಂಡರು. ಆದರೆ ಲೆಕ್ಕದ ಫಲ ನೋಡಿಕೊಂಡು ಕಾರ್ಡುಗಳು ಹಿಂದಕ್ಕೂ ಸರಿಯುವ ಏರ್ಪಾಡನ್ನು ಸೇರಿಸಿದರು. ಏಡಾ ಲವ್‌ಲೇಸ್ ಆ ಎಂಜಿನ್ ಕುರಿತು 1843ರಲ್ಲಿ ಪ್ರಕಟಿಸಿದ ಟಿಪ್ಪಣಿಗಳಲ್ಲಿ ಬರ್ನೂಲಿ ಸಂಖ್ಯೆಗಳನ್ನು ತೆಗೆಯಲು ಒಂದೇ ಗುಂಪಿನ ಕ್ರಿಯೆಗಳನ್ನು ಮರಳಿ ಮರಳಿ ನಡೆಸುವ ಕೋಷ್ಟಕವಿದೆ. ಎಂಜಿನ್ ಮಾತ್ರ ಕಟ್ಟಿ ಮುಗಿಯಲಿಲ್ಲ.

ಸೋಜಿಗವೆಂದರೆ, ನೂರು ವರ್ಷದ ಮೇಲೆ ನಿಜವಾಗಿ ಓಡಿದ ಯಂತ್ರಗಳು ಮತ್ತೆ ಮಗ್ಗದ ಮಟ್ಟದಿಂದಲೇ ಶುರುಮಾಡಿದವು. ಕೊನ್ರಾಡ್ ಟ್ಸೂಸೆ ಬರ್ಲಿನ್ನಿನಲ್ಲಿ 1941ರಲ್ಲಿ ಮುಗಿಸಿದ ಜೆಡ್-3 ಯಂತ್ರದಲ್ಲಿ ಷರತ್ತಿನ ಆದೇಶವೇ ಇರಲಿಲ್ಲ. 1944ರ ಹಾರ್ವರ್ಡ್ ಮಾರ್ಕ್-1ರಲ್ಲಿ ಲೂಪ್ ಬೇಕಾದರೆ ತೂತಿನ ಟೇಪಿನ ಎರಡು ತುದಿಗಳನ್ನು ಅಂಟಿಸಿ ಬಳೆ ಮಾಡುತ್ತಿದ್ದರು. ಮ್ಯಾಂಚೆಸ್ಟರಿನ ‘ಬೇಬಿ’ ಕಂಪ್ಯೂಟರಿನಲ್ಲಿ 1948ರ ಜೂನ್ 21ರಂದು ಓಡಿದ, ಸ್ಮೃತಿಯಲ್ಲೇ ಇರಿಸಿದ ಮೊದಲ ಪ್ರೋಗ್ರಾಂ ಮಾತ್ರ ಅಪ್ಪಟ ಷರತ್ತಿನ ಲೂಪ್: 2,62,144ರ (ಅದನ್ನೇ ಬಿಟ್ಟು) ಅತಿ ದೊಡ್ಡ ಅಪವರ್ತನವನ್ನು ಹುಡುಕಲು ಅದಕ್ಕಿಂತ ಒಂದು ಕಡಿಮೆಯ ಸಂಖ್ಯೆಯಿಂದ ಒಂದೊಂದಾಗಿ ಇಳಿಯುತ್ತ, ಶೇಷವಿಲ್ಲದೆ ಭಾಗಿಸುವ ಸಂಖ್ಯೆ ಸಿಕ್ಕೊಡನೆ ನಿಲ್ಲುವುದು. 52 ನಿಮಿಷ ಓಡಿ 1,31,072 ಎಂದು ಅದು ಸರಿಯುತ್ತರ ಕೊಟ್ಟಿತು. ಎರಡರಿಂದ ಭಾಗಿಸಿದ್ದರೆ ಕ್ಷಣದಲ್ಲಿ ಸಿಗುತ್ತಿದ್ದ ಉತ್ತರವದು. ಯಂತ್ರವನ್ನು ಹೊತ್ತುಗಟ್ಟಲೆ ಓಡಿಸಿ ನೋಡುವುದೇ ಉದ್ದೇಶವಾಗಿತ್ತು.

ಯಾವುದೇ ಪ್ರೋಗ್ರಾಂ ಕೊನೆಗೆ ನಿಲ್ಲುತ್ತದೆಯೋ ಇಲ್ಲವೋ ಎಂದು ಮೊದಲೇ ಹೇಳಬಲ್ಲ ಸಾರ್ವತ್ರಿಕ ವಿಧಾನವಿಲ್ಲ ಎಂಬುದು ಅಲನ್ ಟ್ಯೂರಿಂಗ್ 1936ರ ಪ್ರಬಂಧದಿಂದ ಹೊಮ್ಮುವ ಮಾತು. ಕಂಪ್ಯೂಟರ್ ಹುಟ್ಟುವ ಮುನ್ನವೇ ಅನಂತ ಲೂಪಿನ ಜಾತಕ ಬರೆದಾಗಿತ್ತು.

ಭಾಷೆಗಳಲ್ಲಿ ಈ ರಚನೆ ತಡವಾಗಿ ನೆಲೆಗೊಂಡಿತು. 1957ರ ಫೋರ್ಟ್ರಾನ್‌ನಲ್ಲಿದ್ದದ್ದು ಎಣಿಕೆಯ ‘ಡೂ’. ಷರತ್ತಿಗೆ ‘ಇಫ್’ ಮತ್ತು ‘ಗೋಟು’ ಕೂಡಿಸಿಕೊಳ್ಳಬೇಕಿತ್ತು. ಅಲ್ಗಾಲ್ 60ರಲ್ಲಿ ‘ವೈಲ್’ ಬಂತು, ಅದೂ ‘ಫಾರ್’ ವಾಕ್ಯದ ಒಂದು ಭಾಗವಾಗಿ. ಅನುಕ್ರಮ, ಆಯ್ಕೆ, ಲೂಪ್ ಈ ಮೂರರಿಂದಲೇ ಯಾವ ಪ್ರೋಗ್ರಾಮನ್ನಾದರೂ ಬರೆಯಬಹುದೆಂದು ಬೋಮ್ ಮತ್ತು ಯಾಕೊಪೀನಿ 1966ರಲ್ಲಿ ತೋರಿಸಿದರು. ಎರಡು ವರ್ಷದ ಮೇಲೆ ಡೈಕ್‌ಸ್ಟ್ರಾ ‘ಗೋಟು’ ಹಾನಿಕರವೆಂದು ಬರೆದರು. ನಿಕ್ಲಾಸ್ ವಿರ್ತ್ 1970ರಲ್ಲಿ ರೂಪಿಸಿದ ಪ್ಯಾಸ್ಕಲ್, ಮೊದಲೇ ಪರೀಕ್ಷಿಸುವ ‘ವೈಲ್’ ಮತ್ತು ಕೊನೆಗೆ ಪರೀಕ್ಷಿಸುವ ‘ರಿಪೀಟ್–ಅನ್‌ಟಿಲ್’ ಎರಡನ್ನೂ ತರಗತಿಗೆ ತಂದಿತು.

ಹೊಸಬರು ಎಲ್ಲಿ ಎಡವುತ್ತಾರೆ ಎಂಬುದರ ಪ್ರಸಿದ್ಧ ಉದಾಹರಣೆ ಯೇಲ್ ವಿಶ್ವವಿದ್ಯಾಲಯದ ಎಲಿಯಟ್ ಸೊಲೊವೇ 1980ರ ದಶಕದಲ್ಲಿ ಬಳಸಿದ ‘ಮಳೆ ಲೆಕ್ಕ’. ದಿನದಿನದ ಮಳೆಯ ಅಂಕಿಗಳನ್ನು ಓದುತ್ತ ಹೋಗಬೇಕು, 99999 ಬಂದರೆ ನಿಲ್ಲಬೇಕು, ಸರಾಸರಿ ಹೇಳಬೇಕು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಕಡೆಗಳಲ್ಲಿ ಸೇರಿದ ಚಳ್ಳಕೆರೆಯ ಅಂಕಿಗಳನ್ನೇ ಇದಕ್ಕೆ ಕೊಟ್ಟರೆ ಲೆಕ್ಕದ ಮುಳ್ಳುಗಳೆಲ್ಲ ಮೇಲೆ ಬರುತ್ತವೆ. ಇಲ್ಲಿ ಬಹುಪಾಲು ದಿನಗಳ ಅಂಕಿ ಸೊನ್ನೆ. ‘ಅಂಕಿ ಸೊನ್ನೆಗಿಂತ ಹೆಚ್ಚಿರುವ ತನಕ’ ಎಂದು ಷರತ್ತು ಬರೆದವರ ಪ್ರೋಗ್ರಾಂ ಮೊದಲ ಒಣದಿನಕ್ಕೇ ನಿಂತುಬಿಡುತ್ತದೆ. ಸೊನ್ನೆ ದಿನಗಳನ್ನು ಎಣಿಸದೆ ಬಿಟ್ಟರೆ ಚಳ್ಳಕೆರೆ ಮಲೆನಾಡಾಗುತ್ತದೆ. ಕೊನೆಗೆ ಪರೀಕ್ಷಿಸುವ ಲೂಪನ್ನು ಎಚ್ಚರವಿಲ್ಲದೆ ಬಳಸಿದರೆ 99999 ಎಂಬ ಗುರುತೂ ಮಳೆಯಾಗಿ ಮೊತ್ತಕ್ಕೆ ಸೇರುತ್ತದೆ. ಮೊದಲ ಅಂಕಿಯೇ 99999 ಆಗಿದ್ದರೆ ದಿನಗಳ ಸಂಖ್ಯೆ ಸೊನ್ನೆ, ಸೊನ್ನೆಯಿಂದ ಭಾಗಿಸಲಾಗದು.

ಸರಿಯಾದ ರೂಪ ಹೀಗಿರುತ್ತದೆ:

ಮೊತ್ತ = 0, ದಿನ = 0
ಅಂಕಿ ಓದು
ಅಂಕಿ 99999 ಅಲ್ಲದಿರುವ ತನಕ:
— ಮೊತ್ತಕ್ಕೆ ಅಂಕಿ ಕೂಡಿಸು
— ದಿನಕ್ಕೆ 1 ಕೂಡಿಸು
— ಮುಂದಿನ ಅಂಕಿ ಓದು
ದಿನ 0 ಅಲ್ಲದಿದ್ದರೆ ಮೊತ್ತ ÷ ದಿನ ಮುದ್ರಿಸು

ಇಲ್ಲಿ ‘ಓದು’ ಎರಡು ಕಡೆ ಬಂದಿರುವುದು ಹೊಸಬರಿಗೆ ವಿಚಿತ್ರವೆನಿಸುತ್ತದೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಓದಿ, ನೋಡಿ, ಬೇಡವಾದರೆ ನಡುವಿನಲ್ಲೇ ಹೊರಬರುವ ಲೂಪನ್ನು ಕೊಟ್ಟಾಗ ವಿದ್ಯಾರ್ಥಿಗಳು ಹೆಚ್ಚು ಸರಿಯಾಗಿ ಬರೆದರೆಂದು ಸೊಲೊವೇ ಮತ್ತು ಸಂಗಡಿಗರು 1983ರಲ್ಲಿ ವರದಿ ಮಾಡಿದರು. ಆದರೂ ಪಠ್ಯಪುಸ್ತಕಗಳಲ್ಲಿ ಶಿಸ್ತಿನ ‘ವೈಲ್’ಗೆ ಇರುವ ಮರ್ಯಾದೆ ಹೀಗೆ ನಡುವಿನಿಂದ ಹೊರಬರುವ ‘ಬ್ರೇಕ್’ಗೆ ಇನ್ನೂ ಸಿಕ್ಕಿಲ್ಲ.

ಭಾರತದ ಶಾಲೆಗಳಿಗೆ 1984–85ರಲ್ಲಿ ‘ಕ್ಲಾಸ್’ ಯೋಜನೆಯಡಿ ಬಂದ ಬಿಬಿಸಿ ಮೈಕ್ರೊ ಕಂಪ್ಯೂಟರುಗಳ ಬೇಸಿಕ್ ಭಾಷೆಯಲ್ಲಿ ‘ರಿಪೀಟ್–ಅನ್‌ಟಿಲ್’ ಇತ್ತು. ಕರ್ನಾಟಕದ ಪಿಯುಸಿ ಮಕ್ಕಳು ಬಹುಕಾಲ ಲೂಪ್ ಕಲಿತದ್ದು ಸಿ ಪ್ಲಸ್ ಪ್ಲಸ್‌ನಲ್ಲಿ. ಮಕ್ಕಳಿಗಾಗಿ 1967ರಲ್ಲಿ ಹುಟ್ಟಿದ ಲೋಗೋ ಭಾಷೆಯನ್ನು ಯು. ಬಿ. ಪವನಜ ಕನ್ನಡಕ್ಕೆ ತಂದರು. ಅದಕ್ಕೆ ಮಂಥನ ಪ್ರಶಸ್ತಿ ಬಂತು. ಲೋಗೋದಲ್ಲಿ ಮಗು ಮೊದಲು ಕಲಿಯುವುದು ಎಣಿಕೆಯ ಲೂಪನ್ನೇ: ಮುಂದೆ ಹೋಗು, 90 ಡಿಗ್ರಿ ತಿರುಗು, ಹೀಗೆ 4 ಸಲ.

ಹೊಸ ತುದಿ ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿದೆ. ಕುರಿ-ದನಗಳ ಮೇವಿನ ನೆಲವಾಗಿದ್ದ ಅಮೃತಮಹಲ್ ಕಾವಲುಗಳನ್ನು ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟದ್ದು ಹಸಿರು ನ್ಯಾಯಮಂಡಳಿಯವರೆಗೂ ಹೋದ ವಿವಾದ. ಅಲ್ಲಿ ಡಿಆರ್‌ಡಿಓ ನಡೆಸುವ ವೈಮಾನಿಕ ಪರೀಕ್ಷಾ ವಲಯ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರ ಬೆಳಿಗ್ಗೆ 7.10ಕ್ಕೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೋದ ರೆಕ್ಕೆಯುಳ್ಳ ಮರುಬಳಕೆ ಉಡಾವಣಾ ವಾಹನವನ್ನು ತೂಗುಹಾಕಿಕೊಂಡು 4.5 ಕಿಲೋಮೀಟರ್ ಎತ್ತರಕ್ಕೆ ಏರಿತು. ಅದನ್ನು ಕೆಳಗೆ ಬಿಡುವ ಗಳಿಗೆಯನ್ನು ಗೊತ್ತುಮಾಡಿದ್ದು ವಾಹನದೊಳಗಿನ ಕಂಪ್ಯೂಟರ್. ಸ್ಥಾನ, ವೇಗ, ಎತ್ತರ, ಹೊರಳುವ ದರ ಮೊದಲಾದ 10 ಅಳತೆಗಳು ಗೊತ್ತುಪಡಿಸಿದ ಮಿತಿಯೊಳಗೆ ಬಂದಾಗ ಬಿಡುಗಡೆಯ ಆದೇಶ ಹೊರಟಿತು. ಒಳಗಿನ ತಂತ್ರಾಂಶ ತರಗತಿಯ ಪ್ರೋಗ್ರಾಮಿಗಿಂತ ಎಷ್ಟೋ ಜಟಿಲ. ಆ ತೀರ್ಮಾನದ ರೂಪ ಮಾತ್ರ ಮಳೆ ಲೆಕ್ಕದ್ದೇ. 7.40ಕ್ಕೆ ವಾಹನ ತಾನಾಗಿಯೇ ರನ್‌ವೇಗೆ ಇಳಿಯಿತು. 2024ರ ಮಾರ್ಚ್ 22ರಂದು ಅದನ್ನು ರನ್‌ವೇ ನೇರದಿಂದ 150 ಮೀಟರ್ ಪಕ್ಕಕ್ಕೆ, ಜೂನ್ 23ರಂದು 500 ಮೀಟರ್ ಪಕ್ಕಕ್ಕೆ ಬಿಟ್ಟರು. ಎರಡು ಸಲವೂ ದಾರಿ ತಿದ್ದಿಕೊಂಡು ಬಂದು ಇಳಿಯಿತು.