ಪ್ರಜಾಭಿಪ್ರಾಯವೂ ರಾಜ್ಯನೀತಿಯೂ

ಅರಸನು ಪ್ರಜೆಗಳ ಸುಖದುಃಖಗಳನ್ನು ವಿಚಾರಿಸಿ ಆಳಬೇಕೆಂಬುದು ಪ್ರಾಚೀನವಾದ ನೀತಿ. ಆದರೆ ಅರಸನು ದಯೆಯಿಂದ ಕೇಳುವುದು ಬೇರೆ, ಪ್ರಜೆಯು ಹಕ್ಕಿನಿಂದ ಹೇಳುವುದು ಬೇರೆ. ಮೈಸೂರು ಸೀಮೆಯು ಮೊದಲನೆಯದರಿಂದ ಎರಡನೆಯದಕ್ಕೆ ನಡೆದುಬಂದ ದಾರಿಯನ್ನು ಹಂಪಾಪುರ, ಹುಣಸೂರು, ಪಿರಿಯಾಪಟ್ಟಣ ಪ್ರಾಂತದ ಸದ್ಭಕ್ತರು ಅರಿತಿರುವುದು ಉಚಿತವು.

೧೮೮೧ರಲ್ಲಿ ಶ್ರೀ ಚಾಮರಾಜೇಂದ್ರ ಒಡೆಯರವರಿಗೆ ರಾಜ್ಯವು ಮರಳಿ ಬಂದಾಗ, ದಿವಾನ್ ರಂಗಾಚಾರ್ಲುರವರು ಪ್ರಜಾಪ್ರತಿನಿಧಿ ಸಭೆಯನ್ನು ಏರ್ಪಡಿಸಿದರು. ಆ ವರ್ಷದ ದಸರೆಯಲ್ಲಿ ಕೂಡಿದ ಮೊದಲ ಸಭೆಯ ಸದಸ್ಯರು ೧೪೪ ಮಂದಿ. ಭೂಮಾಲೀಕರೂ ವರ್ತಕರೂ ತಮ್ಮ ತಮ್ಮ ತಾಲ್ಲೂಕಿನ ಅಹವಾಲುಗಳನ್ನು ಅರಿಕೆ ಮಾಡಿಕೊಳ್ಳುವರು. ದಿವಾನರು ಸಮಾಧಾನ ಹೇಳುವರು. ಕೇಳಿದುದನ್ನು ನಡೆಸಲೇಬೇಕೆಂಬ ಕಟ್ಟು ಸರ್ಕಾರಕ್ಕಿರಲಿಲ್ಲ. ಆದಾಗ್ಯೂ ವರ್ಷಕ್ಕೊಮ್ಮೆ ಸಭೆಯ ಮುಂದೆ ನಿಂತು ಉತ್ತರ ಕೊಡಬೇಕಾದ ಸರ್ಕಾರವು ಪ್ರಜೆಯ ಮಾತನ್ನು ಮೊದಲೇ ಆಲೋಚಿಸಲು ಕಲಿಯಿತು.

ಹಿಂದುಳಿದ ಸಮುದಾಯಗಳು ಸರ್ಕಾರಿ ಉದ್ಯೋಗದಲ್ಲಿ ತಮಗೂ ಪಾಲು ಬೇಕೆಂದು ಸಂಘಟಿತವಾಗಿ ಕೇಳಲಾಗಿ, ೧೯೧೮ರಲ್ಲಿ ಮಿಲ್ಲರ್ ಸಮಿತಿಯು ನೇಮಕವಾಯಿತು. ವೀರಶೈವ ಮುಖಂಡರೂ ಈ ಕೋರಿಕೆಯಲ್ಲಿ ಸೇರಿದ್ದರು. ಅಭಿಪ್ರಾಯವು ಒಗ್ಗೂಡಿದಲ್ಲಿ ನೀತಿಯು ಮಾರ್ಪಡುವುದಕ್ಕೆ ಇದೇ ದೃಷ್ಟಾಂತ. ೧೯೨೩ರಲ್ಲಿ ಪ್ರತಿನಿಧಿ ಸಭೆಗೆ ಶಾಸನದ ಬಲವು ದೊರೆತು, ಹೊಸ ತೆರಿಗೆಯ ಮೊದಲು ಅದರ ಅಭಿಪ್ರಾಯವನ್ನು ಪಡೆಯಬೇಕೆಂದಾಯಿತು.

ಆದರೆ ಮತದ ಹಕ್ಕು ಆಸ್ತಿಯನ್ನು ಅವಲಂಬಿಸಿತ್ತು. ಪರರ ಹೊಲವನ್ನು ಗೇಣಿಗೆ ಉಳುವವನ ಕಷ್ಟವನ್ನು ಹೊಲದ ಒಡೆಯನೇ ಸಭೆಯಲ್ಲಿ ಹೇಳಬೇಕಾಗಿತ್ತು. ಅದು ಹೇಗೆ ಸಾಧ್ಯ? ೧೯೪೭ರ 'ಮೈಸೂರು ಚಲೋ' ಚಳವಳಿಯಿಂದ ಜವಾಬ್ದಾರಿ ಸರ್ಕಾರವು ಬಂದು, ಕೆ. ಸಿ. ರೆಡ್ಡಿಯವರು ಮುಖ್ಯಮಂತ್ರಿಗಳಾದರು. ೧೯೫೨ರ ಚುನಾವಣೆಯಲ್ಲಿ ಗೇಣಿದಾರನ ಮತವೂ ಒಡೆಯನ ಮತವೂ ಸಮವಾದುವು.

ಅದರ ಫಲವು ಮಾಗಲು ಕಾಲ ಹಿಡಿಯಿತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ೧೯೪೧ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಪ್ರವೇಶಿಸಿ, ೧೯೭೨ರಲ್ಲಿ ಮುಖ್ಯಮಂತ್ರಿಗಳಾದರು. ಅವರ ಕಾಲದ ಭೂಸುಧಾರಣಾ ತಿದ್ದುಪಡಿಯಂತೆ ೧೯೭೪ರ ಮಾರ್ಚ್ ೧ರಂದು ಗೇಣಿಯ ಜಮೀನುಗಳು ಸರ್ಕಾರಕ್ಕೆ ಸೇರಿ, ನ್ಯಾಯಮಂಡಲಿಗಳ ಮೂಲಕ ಉಳುವವನಿಗೆ ಒಡೆತನವು ಲಭಿಸುವ ಮಾರ್ಗವು ತೆರೆಯಿತು.

ಈ ಪ್ರವಾಹವು ಮಠಮಂದಿರಗಳನ್ನೂ ಬಿಡಲಿಲ್ಲ. ೧೯೫೫ರ ಕಾಯಿದೆಯು ಧಾರ್ಮಿಕ ಇನಾಂಗಳನ್ನು ರದ್ದುಗೊಳಿಸಿತು. ಧರ್ಮಸಂಸ್ಥೆಗಳಿಗೆ ಅದು ನಷ್ಟವೇ ಸರಿ. ಆದರೂ ಕಾಯಕವನ್ನು ಕೈಲಾಸವೆಂದು ನಂಬಿದವರು, ಕಾಯಕ ಮಾಡುವವನಿಗೆ ನೆಲವು ಸಲ್ಲುವುದನ್ನು ಅಧರ್ಮವೆನ್ನಲಾರರು. ಜನಾಭಿಪ್ರಾಯವೂ ತಪ್ಪಬಹುದು; ಆಸೆಗೆ, ಜಾತಿಗೆ, ಆವೇಶಕ್ಕೆ ಒಳಗಾಗಬಹುದು. ಅದನ್ನು ಅರಿವಿನಿಂದ ತಿದ್ದುವ ಹೊಣೆಯು ವಿದ್ಯಾದಾಸೋಹವನ್ನು ಕೈಗೊಂಡ ಮಠಗಳದ್ದೂ ಮತವನ್ನು ಕೊಡುವ ಪ್ರತಿಯೊಬ್ಬ ಭಕ್ತನದ್ದೂ ಆಗಿದೆ.